ಎರಡು ಎಡಗೋಡೆಗಳು

ಗುರುವಾರ, ಹದಿನಾಲ್ಕನೇ ತಾರೀಕು
ಮಧ್ಯಾಹ್ನ ಮೂರು ಗಂಟೆ, ವ್ಯಾನಿನೊಳಗಿಂದ

ನನ್ನ ಸೂಜಿಮೆಣಸಿಗೆ,

ಹೇಗಿದ್ದೀಯ ಅಂತ ಕೇಳುವ ಹಕ್ಕು ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಹೇಗಿದ್ದೀಯೇ? ಮಗು ಹೇಗಿದೆ? ಊಟ ಮಾಡುವಾಗ ನಿನ್ನ ಹಾಗೆ ಕೆನ್ನೆಯಲ್ಲಿ ತುತ್ತು ಇಟ್ಟುಕೊಂಡು ಅರ್ಧ ಗಂಟೆ ಕೂರುತ್ತದೆಯೇ?

ಕವರಿನ ಮೇಲೆ ನನ್ನ ಕೈಬರಹ ನೋಡಿದ ಕೂಡಲೇ ನೀನು ಇದನ್ನು ಬದಿಗೆ ಎಸೆದಿರುತ್ತೀಯ. ಎರಡು ದಿನ ಅದರ ಸುತ್ತ ಓಡಾಡಿ, ಆಮೇಲೆ ಒಡೆದಿರುತ್ತೀಯ. ಹೆತ್ತವಳಿಗೆ ಅಷ್ಟೂ ಗೊತ್ತಿಲ್ಲವೇ? ಆ ಎರಡು ದಿನವನ್ನೂ ಸೇರಿಸಿಯೇ ಇವತ್ತು ಅಂಚೆಗೆ ಹಾಕುತ್ತಿದ್ದೇನೆ.

ಮೊದಲು ಸುದ್ದಿ. ನಾನು ಒಂದು ವ್ಯಾನು ತಗೊಂಡಿದ್ದೇನೆ. ನಗಬೇಡ. ನಮ್ಮ ಬೀದಿಯ ಬೇಕರಿಯವರು ಬ್ರೆಡ್ಡು ಸಾಗಿಸುತ್ತಿದ್ದರಲ್ಲ, ಅದೇ ಬಿಳಿ ವ್ಯಾನು. ಶಾಲೆಗೆ ಹೋಗುವಾಗ ನೀನು ಅದರ ಹಿಂದೆ ಮೂಗು ಅರಳಿಸಿಕೊಂಡು ಓಡುತ್ತಿದ್ದೆ. ಬೇಕರಿಯವರು ಹೊಸದು ತಂದರು, ಹಳೆಯದು ಶೆಡ್ಡಿನಲ್ಲಿ ಧೂಳು ತಿನ್ನುತ್ತ ನಿಂತಿತ್ತು. ಒಳಗೆ ಒಂದು ಹಾಸಿಗೆ, ಒಂದು ಒಲೆ, ನೀರಿನ ಕ್ಯಾನು, ಬಟ್ಟೆಗೆ ಎರಡು ಗೂಡು ಮಾಡಿಕೊಂಡು ಊರೂರು ಸುತ್ತೋಣ ಅಂತ ನನ್ನ ಯೋಚನೆ. ಐವತ್ತೆಂಟಕ್ಕೆ ಡ್ರೈವಿಂಗ್ ಕಲಿತೆ. ಕಲಿಸಿದವರು ಮೂಲೆಮನೆಯ ಬ್ರೇಕ್ ಮೇಷ್ಟ್ರು. ನಿನಗೆ ನೆನಪಿರಬೇಕು, ಡ್ರೈವಿಂಗ್ ಶಾಲೆ ನಡೆಸುತ್ತಿದ್ದವರು. ರಸ್ತೆಯಲ್ಲಿ ನಡೆದು ಹೋಗುವಾಗಲೂ ಎದುರಿಗೆ ಯಾರಾದರೂ ಬಂದರೆ ಬಲಗಾಲನ್ನು ನೆಲಕ್ಕೆ ಒತ್ತುವವರು. ಮೂರು ಸಲ ಪರೀಕ್ಷೆಯಲ್ಲಿ ಫೇಲಾಗಿ ನಾಲ್ಕನೇ ಸಲ ಪಾಸಾದೆ. ಅರವತ್ತರ ಅರಳುಮರಳು ಎರಡು ವರ್ಷ ಮೊದಲೇ ಬಂತು ಅಂತ ಬೀದಿಯವರು ಆಡಿಕೊಂಡರು. ಆಡಿಕೊಳ್ಳಲಿ ಬಿಡು.

ಊರೂರು ಸುತ್ತುವುದು ಅಂದೆನಲ್ಲ, ಅದು ಸುಳ್ಳು. ಇಷ್ಟು ಬರೆಯುವುದರೊಳಗೆ ನಾಲ್ಕು ಕಾಗದ ಹರಿದಿದ್ದೇನೆ, ಐದನೆಯದರಲ್ಲಾದರೂ ನಿಜ ಹೇಳುತ್ತೇನೆ. ನನಗೆ ಯಾವ ಊರೂ ನೋಡಬೇಕಿಲ್ಲ. ನಿನ್ನನ್ನು ನೋಡಬೇಕು.

ಆರು ವರ್ಷದ ಹಿಂದೆ, ಮದುವೆಯಾದರೆ ಇವನನ್ನೇ ಅಂತ ನೀನು ಅವನನ್ನು ನನ್ನ ಹೊಲಿಗೆ ಅಂಗಡಿಗೆ ಕರೆದುಕೊಂಡು ಬಂದ ದಿನ ನಾನು ಅಂದದ್ದು ನಿನಗೂ ನೆನಪಿದೆ, ನನಗೂ ಇದೆ. ಹುಡುಗ ಕಾರು ಬಸ್ಸುಗಳ ಸೀಟು ಹೊಲಿಯುವವನು, ಒಳಗೆಲ್ಲ ಬಟ್ಟೆ ಅಂಟಿಸುವವನು ಅಂತ ಗೊತ್ತಾದ ಕೂಡಲೇ ನನ್ನ ತಲೆ ಕೆಟ್ಟಿತು. ನಿನ್ನಪ್ಪ ಹೋದ ಮೇಲೆ ಶಾಲೆ ಮಕ್ಕಳ ಯೂನಿಫಾರ್ಮು ಹೊಲಿದು ಹೊಲಿದು ಬೆನ್ನು ಬಗ್ಗಿಸಿಕೊಂಡದ್ದು ಮಗಳು ಇನ್ನೊಬ್ಬ ಸೂಜಿದಾರದವನ ಮನೆ ಸೇರಲಿ ಅಂತಲ್ಲ ಅಂದೆ. ಹರಿದ ಸೀಟಿಗೆ ತೇಪೆ ಹಾಕುವವನ ಜೊತೆ ನಿನ್ನ ಬದುಕೂ ತೇಪೆಯೇ ಅಂದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಹೇಗೋ ಆಗುತ್ತಿತ್ತು. ನಿನ್ನ ಮನೆ ಹೊಸಿಲು ತುಳಿದರೆ ನಾನು ನಿನ್ನ ಅಮ್ಮನೇ ಅಲ್ಲ ಅಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬೇರೆ ಯಾವ ಆಣೆಯಾಗಿದ್ದರೂ ಮುರಿದು ಎಂದೋ ಬಸ್ಸು ಹತ್ತಿರುತ್ತಿದ್ದೆ. ಕೈ ಬಿದ್ದುಹೋಗಲಿ, ಕಣ್ಣು ಹೋಗಲಿ ಅಂದಿದ್ದರೂ ಹೆದರುತ್ತಿರಲಿಲ್ಲ. ಆದರೆ ಇದನ್ನು ಮುರಿದರೆ ನಿನ್ನ ಅಮ್ಮನಲ್ಲ ಅಂತ ನನ್ನ ಬಾಯಿಂದಲೇ ಬಂದಿದೆ. ನನ್ನ ಹತ್ತಿರ ಉಳಿದಿರುವುದು ಅದೊಂದೇ ಕಣೇ, ಅದನ್ನೂ ಹೇಗೆ ಪಣಕ್ಕಿಡಲಿ? ಬಾಯಿಮಾತು ತಾನೇ, ಗಾಳಿಗೆ ಹೋಯ್ತು ಬಿಡೀಂತ ಬ್ರೇಕ್ ಮೇಷ್ಟ್ರು ಹೇಳುತ್ತಾರೆ. ಅವರಿಗೆ ಮಕ್ಕಳಿಲ್ಲ.

ಅದಕ್ಕೇ ಈ ವ್ಯಾನು. ಮನೆಯನ್ನೇ ಚಕ್ರದ ಮೇಲೆ ಇಟ್ಟುಕೊಂಡು ಬಂದರೆ ನಿನ್ನ ಹೊಸಿಲು ತುಳಿಯದೆಯೂ ನಿನ್ನ ಬೀದಿಯಲ್ಲಿ ಇರಬಹುದು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅಂತ ನೀನು ಮೂತಿ ತಿರುಗಿಸುತ್ತೀಯ. ನಿಜವೇ. ನನಗೆ ಎರಡೂ ಬೇಕು.

ಇನ್ನು ಕಾರ್ಪೆಟ್ಟಿನ ಕಥೆ ಕೇಳು, ಈ ಪತ್ರದಲ್ಲಿ ಹೆಚ್ಚು ಇರುವುದು ಅದೇ. ವ್ಯಾನು ಮನೆಗೆ ಬಂದ ದಿನ ಮಧ್ಯಾಹ್ನ ಒಳಗೆ ಚಾಪೆ ಹಾಸಿ ಮಲಗಿ ನೋಡಿದೆ. ಸುತ್ತಲೂ ಬರೀ ತಗಡು. ಕೆಮ್ಮಿದರೆ ನನ್ನ ಕೆಮ್ಮು ನನಗೇ ವಾಪಸ್ಸು ಬರುತ್ತಿತ್ತು. ಬಿಸಿಲಿಗೆ ಕಾದರೆ ಬಾಣಲೆ, ಬೆಳಿಗ್ಗೆ ತಣ್ಣಗಾದರೆ ಮೇಲಿನಿಂದ ತೊಟ್ಟಿಕ್ಕುವ ನೀರು. ಇಂಥದ್ದರಲ್ಲಿ ಮನುಷ್ಯರು ಇರಬೇಕಾದರೆ ಗೋಡೆ, ಚಾವಣಿ, ನೆಲ ಎಲ್ಲಕ್ಕೂ ಒಳಗಿನಿಂದ ಕಾರ್ಪೆಟ್ ಅಂಟಿಸಬೇಕಂತೆ. ಹಜಾರದಲ್ಲಿ ಹಾಸುವ ದಪ್ಪ ಕಾರ್ಪೆಟ್ ಅಲ್ಲ. ತೆಳ್ಳಗೆ, ಎಳೆದರೆ ನಾಲ್ಕೂ ಕಡೆ ಹಿಗ್ಗುವಂಥದ್ದು. ಬಟ್ಟೆ ಅಂದ ಮೇಲೆ ನನಗೆ ಯಾರೂ ಹೇಳಿಕೊಡಬೇಕಿಲ್ಲ ಅಂತ ಎದೆ ಉಬ್ಬಿಸಿಕೊಂಡು ಅಂಗಡಿಗೆ ಹೋಗಿ ಒಂದು ಸುರುಳಿ ತಂದೆ. ಬಣ್ಣ ಕಡುನೀಲಿ. ನಿನ್ನ ಯೂನಿಫಾರ್ಮಿನ ಲಂಗದ ನೀಲಿ. ಅಂಗಡಿಯವ ಬೂದುಬಣ್ಣ ಚೆನ್ನಾಗಿರುತ್ತೆ, ಕೊಳೆ ಕಾಣಲ್ಲ ಅಂದ. ನನ್ನ ಕೈ ಆ ನೀಲಿಯ ಮೇಲಿಂದ ಏಳಲಿಲ್ಲ.

ಈ ಕಾರ್ಪೆಟ್ಟಿಗೂ ಮಕಮಲ್ಲಿನ ಹಾಗೆ ನವಿರು ಇದೆ. ಒಂದು ಕಡೆ ಸವರಿದರೆ ಮಲಗುತ್ತದೆ, ಇನ್ನೊಂದು ಕಡೆ ಸವರಿದರೆ ಏಳುತ್ತದೆ. ಎಲ್ಲ ತುಂಡುಗಳ ನವಿರೂ ಒಂದೇ ದಿಕ್ಕಿಗೆ ಮಲಗಬೇಕು, ಇಲ್ಲದಿದ್ದರೆ ಒಂದೇ ಬಟ್ಟೆ ಎರಡು ಬಣ್ಣವಾಗಿ ಕಾಣುತ್ತದೆ. ಹಾಗಾಗಿ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಬಾಣದ ಗುರುತು ಹಾಕುತ್ತ ಬಂದೆ. ಹಾಕುವಾಗೆಲ್ಲ ನೀನೇ ಕಣ್ಣಮುಂದೆ. ಆರು ವರ್ಷದವಳಿದ್ದಾಗ ಮಕಮಲ್ಲಿನ ತುಂಡುಗಳಿಗೆ ಬಾಣ ಹಾಕುವ ಕೆಲಸ ನಿನಗೆ ಕೊಟ್ಟಿದ್ದೆ. ನೀನು ಪ್ರತಿ ಬಾಣದ ತಲೆಗೂ ಎರಡು ಕಣ್ಣು ಬರೆಯುತ್ತಿದ್ದೆ. ಯಾಕೇಂತ ಕೇಳಿದರೆ, ಕಣ್ಣಿಲ್ಲದೆ ಅದಕ್ಕೆ ದಾರಿ ಹೇಗಮ್ಮಾ ಕಾಣತ್ತೆ ಅಂತ ನನ್ನನ್ನೇ ದಬಾಯಿಸುತ್ತಿದ್ದೆ.

ಕೆಲಸ ಶುರು ಮಾಡಿದ ಎರಡೇ ದಿನಕ್ಕೆ ನನ್ನ ಜಂಬ ಇಳಿಯಿತು. ಹೊಲಿಗೆಯಲ್ಲಿ ತಪ್ಪಾದರೆ ಬಿಚ್ಚಿ ಹೊಲಿಯಬಹುದು. ಅಂಟಿನ ಕೆಲಸದಲ್ಲಿ ಬಿಚ್ಚುವುದು ಅನ್ನುವುದೇ ಇಲ್ಲ, ಕೂತರೆ ಕೂತಿತು. ಮೊದಲ ಸಲ ಅಂಟಿಸಿದ್ದು ಮರುದಿನ ಬೆಳಿಗ್ಗೆ ಬಾವಲಿಯ ಹಾಗೆ ನೇತಾಡುತ್ತಿತ್ತು. ಕಾರ್ಪೆಟ್ ಸರಿಯಿಲ್ಲ ಅಂದೆ, ಅಂಟು ಸರಿಯಿಲ್ಲ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊನೆಗೆ, ಗೊತ್ತಿರುವವರನ್ನು ಕೇಳಿ ಅಂದರು ಮೇಷ್ಟ್ರು. ಫೋನಿನಲ್ಲಿ ಒಬ್ಬರು ಕೆಲಸದವರು ಸಿಕ್ಕರು, ತಾಳ್ಮೆಯಿಂದ ಎಲ್ಲ ಹೇಳಿಕೊಟ್ಟರು.

ಮತ್ತೆ ಸುಳ್ಳು ಬರೆಯುತ್ತಿದ್ದೇನೆ. ಅವರು ತಾವಾಗಿ ಸಿಗಲಿಲ್ಲ, ನಾನೇ ಹುಡುಕಿದೆ. ಆ ಕೆಲಸದವರು ನಿನ್ನ ಗಂಡ.

ಹೋದ ವರ್ಷ ನೀನು ಮಗುವಿನ ಫೋಟೋ ಕಳಿಸಿದ್ದೆ. ಒಂದು ಸಾಲೂ ಬರೆದಿರಲಿಲ್ಲ, ಬರೀ ಫೋಟೋ, ಕವರಿನ ಹಿಂದೆ ವಿಳಾಸ. ಮಗು ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದೆ, ಹಿಂದೆ ಅಂಗಡಿಯ ಬೋರ್ಡು, ಬೋರ್ಡಿನಲ್ಲಿ ಫೋನ್ ನಂಬರು. ಕೊನೆಯ ಅಂಕಿಯನ್ನು ಮಾತ್ರ ಮಗುವಿನ ಜುಟ್ಟು ಮುಚ್ಚಿಬಿಟ್ಟಿತ್ತು. ಒಂದು ವರ್ಷ ಆ ಜುಟ್ಟನ್ನೇ ನೋಡಿಕೊಂಡು ಸುಮ್ಮನಿದ್ದೆ. ಕಾರ್ಪೆಟ್ ಬಿದ್ದ ದಿನ ಮೇಷ್ಟ್ರ ಫೋನು ಇಸಕೊಂಡು ಸೊನ್ನೆಯಿಂದ ಶುರು ಮಾಡಿದೆ. ನನ್ನ ಫೋನಿನಿಂದ ಮಾಡಿದರೆ ಗುರುತು ಸಿಕ್ಕೀತು ಅಂತ ಭಯ. ಸೊನ್ನೆಗೆ ಹಲ್ಲಿನ ಡಾಕ್ಟರು ಸಿಕ್ಕರು. ಎರಡಕ್ಕೆ ಯಾರೋ ಅಜ್ಜಿ, ಹತ್ತು ನಿಮಿಷ ಮಾತಾಡಿದರು, ಪಾಪ, ಅವರಿಗೂ ಯಾರೂ ಫೋನ್ ಮಾಡುವುದಿಲ್ಲವಂತೆ. ಐದಕ್ಕೆ ಬೈಗುಳ. ಆರಕ್ಕೆ ಆ ದನಿ ಬಂತು, ಸೀಟ್ ಕೆಲಸದ ಅಂಗಡಿ, ಹೇಳಿ ಅಮ್ಮ ಅಂತ. ಅಮ್ಮ ಅಂದದ್ದು ವಯಸ್ಸಾದ ಗಿರಾಕಿಯನ್ನು ಎಲ್ಲರೂ ಅನ್ನುವ ಹಾಗೆ. ಆದರೂ ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಮೇಷ್ಟ್ರು ಪಕ್ಕದಲ್ಲಿ ನಿಂತು ಬಲಗಾಲು ಒತ್ತುತ್ತಿದ್ದರು.

ನಾನೊಬ್ಬ ಗಿರಾಕಿ, ವ್ಯಾನಿಗೆ ನಾನೇ ಕಾರ್ಪೆಟ್ ಹಾಕ್ಕೋತಿದೀನಿ, ಬಿದ್ದುಹೋಗ್ತಿದೆ ಅಂದೆ. ಬೇರೆಯವರಾಗಿದ್ದರೆ ಅಂಗಡಿಗೆ ತನ್ನಿ, ನಾವೇ ಹಾಕಿಕೊಡ್ತೀವಿ ಅನ್ನುತ್ತಿದ್ದರು. ಅವನು ಹಾಗನ್ನಲಿಲ್ಲ. ತಗಡನ್ನು ಸ್ಪಿರಿಟ್ ಹಾಕಿ ಒರೆಸಿದ್ರಾ ಅಮ್ಮ ಅಂತ ಕೇಳಿದ. ಒರೆಸಿರಲಿಲ್ಲ. ಅಂಟು ಎರಡೂ ಕಡೆ, ತಗಡಿಗೂ ಬಟ್ಟೆಗೂ ಹೊಡೆದ್ರಾ ಅಂದ. ಒಂದೇ ಕಡೆ ಹೊಡೆದಿದ್ದೆ. ಹೊಡೆದ ಮೇಲೆ ಕಾದ್ರಾ ಅಂದ. ಅದನ್ನೂ ಮಾಡಿರಲಿಲ್ಲ. ಬೆರಳಿಟ್ಟರೆ ಜಿಗುಟು ಅನ್ನಿಸಬೇಕು, ಆದರೆ ಬೆರಳಿಗೆ ಅಂಟು ಬರಬಾರದು, ಅಲ್ಲೀತನಕ ಕಾಯಬೇಕು, ಅವಸರ ಮಾಡಿದರೆ ಬಿದ್ದೇಬೀಳತ್ತೆ ಅಂದ. ಬಾಗಿಲು ಕಿಟಕಿ ತೆಗೆದಿಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ತಲೆ ತಿರುಗಿದರೆ ಕೆಲಸ ಬಿಟ್ಟು ಹೊರಗೆ ಬನ್ನಿ ಅಂತ ಮೂರು ಮೂರು ಸಲ ಹೇಳಿದ.

ಆಮೇಲೆ ವಾರಕ್ಕೆ ಎರಡು ಸಲ, ಬೆಳಿಗ್ಗೆ ಹನ್ನೊಂದಕ್ಕೆ ಫೋನು. ಚಾವಣಿ ಮೊದಲು, ಗೋಡೆ ಆಮೇಲೆ, ನೆಲ ಕೊನೆಗೆ ಅಂತ ಹೇಳಿದ. ಚಾವಣಿಗೆ ನಡುವಿನಿಂದ ಅಂಚಿಗೆ ಸವರಬೇಕಂತೆ. ನಾನು ನಡುವೆ, ಮೇಷ್ಟ್ರು ಆ ತುದಿಯಲ್ಲಿ ಪೊರಕೆಯಿಂದ ಬಟ್ಟೆ ಎತ್ತಿ ಹಿಡಿದುಕೊಂಡು. ಅಷ್ಟೂ ಕಾರ್ಪೆಟ್ ನಮ್ಮಿಬ್ಬರ ತಲೆ ಮೇಲೆ ಬಂತು. ನನ್ನ ಹಿಂದಲೆಯ ಕೂದಲು ಅಂಟಿಗೆ ಸಿಕ್ಕಿ ಬರಲೇ ಇಲ್ಲ, ಬಟ್ಟೆ ಕತ್ತರಿಯಲ್ಲೇ ಹಿಡಿಯಷ್ಟು ಕತ್ತರಿಸಿಕೊಂಡೆ. ಈಗ ನನ್ನ ಜಡೆ ನೋಡಿದರೆ ನೀನು ನಗುತ್ತೀಯ. ಮತ್ತೆ ಶುರುವಿನಿಂದ ಮಾಡಿ ಮೂರು ದಿನಕ್ಕೆ ಮುಗಿಸಿದೆವು. ಆ ಮೂರು ದಿನ ಕತ್ತು ಎತ್ತಿ ಎತ್ತಿ ರಾತ್ರಿ ದಿಂಬಿಗೆ ತಲೆ ಇಡಲಾಗುತ್ತಿರಲಿಲ್ಲ. ಇದನ್ನು ಆ ಹುಡುಗ ದಿನಾ ಮಾಡುತ್ತಾನೆ. ತೇಪೆ ಹಾಕುವವನು ಅಂದಿದ್ದೆ ನಾನು.

ಹಿಂದಿನ ಚಕ್ರದ ಮೇಲೆ ವ್ಯಾನಿನೊಳಗೆ ಒಂದು ಗೂನು ಇರುತ್ತದೆ. ಅದಕ್ಕೆ ಕಾರ್ಪೆಟ್ ಕೂರಿಸುವುದೇ ದೊಡ್ಡ ಪರೀಕ್ಷೆ. ಕುಪ್ಪಸಕ್ಕೆ ಹಾಕುವ ಹಾಗೆ ನಾಲ್ಕು ಕಡೆ ಕತ್ತರಿಸಿ ಮಡಿಕೆ ಹಾಕಲೇ ಅಂತ ಕೇಳಿದೆ. ಕತ್ತರಿ ಕೆಳಗಿಡಿ ಅಮ್ಮ ಅಂದ. ಹೇರ್ ಡ್ರೈಯರಿನಿಂದ ಸ್ವಲ್ಪ ಬಿಸಿ ತೋರಿಸಿ, ನೆತ್ತಿಯಿಂದ ಕೆಳಕ್ಕೆ ಅಂಗೈಯಲ್ಲಿ ನಿಧಾನಕ್ಕೆ ಎಳೀತಾ ಬನ್ನಿ, ಅದಾಗಿ ಅದೇ ಬಗ್ಗತ್ತೆ ಅಂದ. ಹಾಗೇ ಮಾಡಿದೆ. ಒಂದು ಸುಕ್ಕಿಲ್ಲದೆ ಕೂತಿತು. ನಾನು ಆ ಗೂನಿನ ಮೇಲೆ ಕೈಯಿಟ್ಟುಕೊಂಡು ಸುಮಾರು ಹೊತ್ತು ಕೂತೆ. ನಿನ್ನಂಥ ಸೂಜಿಮೆಣಸಿನ ಜೊತೆ ಆರು ವರ್ಷ ಹೇಗೆ ಸಂಸಾರ ಮಾಡಿದ ಅಂತ ನನಗೆ ಆವತ್ತು ಗೊತ್ತಾಯಿತು. ನಾನು ನಿನಗೆ ಯಾವಾಗಲೂ ಕತ್ತರಿಯನ್ನೇ ತೋರಿಸಿದೆ.

ಇನ್ನೊಂದು ಒಪ್ಪಿಕೊಳ್ಳುತ್ತೇನೆ. ಕೆಲವು ದಿನ ಕೇಳುವುದೇನೂ ಇಲ್ಲದಿದ್ದರೂ ಫೋನು ಮಾಡುತ್ತಿದ್ದೆ. ಹಿಂದಿನಿಂದ ಮಗುವಿನ ದನಿ ಕೇಳಿಸುತ್ತಿತ್ತು. ಅಪ್ಪಾ ಕತ್ತರಿ ಎಲ್ಲಿ, ಅಪ್ಪಾ ಇದು ಯಾಕೆ ಹೀಗಿದೆ ಅಂತ. ಹೇಳಿದ್ದು ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳಪ್ಪ ಅಂತ ನಾನು ಸುಳ್ಳೇ ಕೇಳುತ್ತಿದ್ದೆ. ಅವನು ಮೊದಲಿನಿಂದ ಹೇಳುತ್ತಿದ್ದ, ನಾನು ಅವನ ಮಾತು ಬಿಟ್ಟು ಅದರ ಮಾತು ಕೇಳುತ್ತಿದ್ದೆ. ಒಂದು ದಿನ ಮಗುವಿನ ದನಿಯಿರಲಿಲ್ಲ, ಜ್ವರ ಬಂದಿತ್ತು ಅಂತ ಅವನು ಹೇಳಿದ್ದು ಮುಂದಿನ ಸಲ ಫೋನು ಮಾಡಿದಾಗ. ಗಿರಾಕಿಯಾದವಳು ಮಗು ಎಲ್ಲಿ ಅಂತ ಕೇಳುವುದು ಹೇಗೆ? ಎರಡು ದಿನ ನನಗೆ ಅನ್ನ ಸೇರಲಿಲ್ಲ.

ಈಗ ನನ್ನ ದೊಡ್ಡ ತಪ್ಪಿನ ಕಥೆ. ಗೋಡೆಗಳಿಗೆ ಕಾಗದದಲ್ಲಿ ಅಚ್ಚು ಮಾಡಿಕೊಂಡಿದ್ದೆ. ಎಡಗೋಡೆಯದು ಬರೆದು ಕತ್ತರಿಸಿದೆ, ಅದೇ ಕಾಗದ ಇಟ್ಟು ಇನ್ನೊಂದನ್ನೂ ಬರೆದು ಕತ್ತರಿಸಿದೆ. ಅಂಟು ಹೊಡೆಯುವ ಮೊದಲು ಎತ್ತಿ ಹಿಡಿದು ನೋಡುತ್ತೇನೆ, ಎರಡೂ ಎಡಗೋಡೆ! ಬಲಗೋಡೆಗೆ ತಿರುಗಿಸಿ ಹಿಡಿದರೆ ನವಿರು ತಗಡಿನ ಕಡೆ, ಬೆನ್ನು ನಮ್ಮ ಕಡೆ. ಮೂವತ್ತೆರಡು ವರ್ಷ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕತ್ತರಿಸಿದ ಕೈ ಇದು. ಮಡಿಸಿ ಕತ್ತರಿಸಿದರೆ ಎಡತೋಳು ಬಲತೋಳು ತಾವಾಗಿ ಜೋಡಿಯಾಗಿ ಬರುತ್ತವೆ, ಯೋಚನೆ ಮಾಡುವಂತೆಯೇ ಇಲ್ಲ. ಕಾರ್ಪೆಟ್ ಮಡಿಸಲಾಗುವುದಿಲ್ಲ ಅಂತ ಒಂಟಿಯಾಗಿ ಕತ್ತರಿಸಿದ್ದೆ, ಅಚ್ಚನ್ನು ಮಗುಚಿ ಇಡಬೇಕು ಅನ್ನುವುದು ತಲೆಗೇ ಹೊಳೆಯಲಿಲ್ಲ. ಸುರುಳಿ ಮುಗಿದಿತ್ತು, ಅಂಗಡಿಯಲ್ಲೂ ಆ ನೀಲಿ ಮುಗಿದಿತ್ತು. ಎರಡು ಎಡಗೋಡೆ ಹಿಡಿದುಕೊಂಡು ವ್ಯಾನಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗೆ. ನನ್ನ ಅಳತೆಗೆ ಕತ್ತರಿಸಿದರೆ ನಿನ್ನದೂ ಜೋಡಿಯಾಗಿ ತಾನಾಗೇ ಬರುತ್ತದೆ ಅಂದುಕೊಂಡಿದ್ದವಳು ನಾನು. ನೀನು ಬೇರೆಯೇ ಗೋಡೆ ಅಂತ ಯೋಚನೆಯನ್ನೇ ಮಾಡಲಿಲ್ಲ.

ಫೋನಿನಲ್ಲಿ ಹೇಳಿದಾಗ ಎರಡೂ ಎಡಗೋಡೆನಾ ಅಮ್ಮ ಅಂತ ಅವನು ಇನ್ನೊಂದು ಸಲ ಕೇಳಿದ. ಆಮೇಲೆ ಮೆಲ್ಲಗೆ ನಕ್ಕ. ಇದು ಬಟ್ಟೆ ಮಡಿಸಿ ಕತ್ತರಿಸಿ ರೂಢಿ ಇರೋರು ಮಾತ್ರ ಮಾಡೋ ತಪ್ಪು ಅಮ್ಮ ಅಂದ. ಹೌದೇನಪ್ಪಾ, ನನಗೇನು ಗೊತ್ತು ಅಂದೆ. ನನ್ನ ಹತ್ತಿರ ಅದೇ ನೀಲಿ ಇದೆ, ಬಲಗೋಡೆ ನಾನೇ ಕತ್ತರಿಸಿ ಕಳಿಸ್ತೀನಿ, ಅಳತೆ ಹೇಳಿ ಅಂದ. ಅರ್ಧ ಗಂಟೆ ಅಳತೆ ಹೇಳಿದೆ. ಒಂದೊಂದನ್ನೂ ಅವನು ಜೋರಾಗಿ ತಿರುಗಿ ಹೇಳುತ್ತಿದ್ದ, ಪಕ್ಕದಲ್ಲಿ ಯಾರೋ ಬರೆದುಕೊಳ್ಳುತ್ತಿರುವ ಹಾಗೆ. ನಾಲ್ಕನೇ ದಿನಕ್ಕೆ ಪಾರ್ಸೆಲ್ ಬಂತು. ಎತ್ತಿ ಹಿಡಿದರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ನೀಲಿ ಮಾತ್ರ ಒಂದು ಗುಲಗಂಜಿಯಷ್ಟು ತಿಳಿ. ಒಂದೇ ಬಣ್ಣದ ಎರಡು ಸುರುಳಿ ಎಂದೂ ಒಂದೇ ಬಣ್ಣವಾಗಿರುವುದಿಲ್ಲ. ಬೆಳಗಿನ ಬಿಸಿಲು ಬಿದ್ದಾಗ ನಿನ್ನ ಮನೆಯಿಂದ ಬಂದ ಗೋಡೆ ಯಾವುದು ಅಂತ ಕಣ್ಣಿಗೆ ಹೊಡೆದು ಕಾಣುತ್ತದೆ. ನಾನು ಹಾಸಿಗೆಯನ್ನು ಆ ಗೋಡೆಗೆ ಒತ್ತಿ ಹಾಕಿಕೊಂಡಿದ್ದೇನೆ.

ನಿನಗೆ ತಿಳಿಸದೆ ನಿನ್ನ ಗಂಡನ ಹತ್ತಿರ ಕೆಲಸ ಕಲಿತೆ ಅಂತ ಸಿಟ್ಟು ಬಂದರೆ ನನ್ನ ಮೇಲೆ ಮಾಡಿಕೋ. ಅವನನ್ನು ಬೈಯಬೇಡ, ಅವನಿಗೆ ನಾನು ಯಾರೆಂದು ಗೊತ್ತಿಲ್ಲ. ಆರು ವರ್ಷ ಅವನು, ಅವನು ಅಂದದ್ದು ಸಾಕು. ಅಳಿಯಂದಿರಿಗೆ ಹೇಳು, ಆವತ್ತು ನಾನು ಅಂದದ್ದು ತಪ್ಪು. ಅವರ ಕೈ ನನ್ನ ಕೈಗಿಂತ ದೊಡ್ಡದು. ಇದನ್ನು ಅವರೆದುರಿಗೇ ಹೇಳಬೇಕು ಅಂತಿದೆ, ಅವರು ಕೇಳಿಸಿಕೊಳ್ಳುವುದಾದರೆ.

ಇಪ್ಪತ್ನಾಲ್ಕನೇ ತಾರೀಕು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಿನ್ನ ಮನೆ ಮುಂದೆ ಬರುತ್ತೇನೆ. ಗೇಟಿನ ಹೊರಗೇ ನಿಲ್ಲಿಸುತ್ತೇನೆ. ಹಾರನ್ ಹಾಕುವುದಿಲ್ಲ, ಕೂಗುವುದಿಲ್ಲ. ಪಕ್ಕದ ಜಾರುಬಾಗಿಲು ತೆಗೆದಿಟ್ಟು ಒಳಗೆ ಕೂತಿರುತ್ತೇನೆ. ಹೊಸಿಲಿನ ಆಣೆ ಇರುವುದು ನನಗೆ, ನಿನಗಲ್ಲ. ವ್ಯಾನಿನ ಮೆಟ್ಟಿಲಿಗೂ ಕಾರ್ಪೆಟ್ ಹಾಕಿದ್ದೇನೆ, ಆ ಹೆಚ್ಚಾದ ಎಡಗೋಡೆಯದೇ ತುಂಡು. ನೀನು ಅದನ್ನು ತುಳಿದು ಒಳಗೆ ಬಂದರೆ ನನ್ನ ಮಾತೂ ಉಳಿಯುತ್ತದೆ, ನಾನೂ ಉಳಿಯುತ್ತೇನೆ. ಬರಲು ಮನಸ್ಸಿಲ್ಲದಿದ್ದರೆ ಬೇಡ, ಮಗುವನ್ನು ಒಂದು ಸಲ ಕಿಟಕಿಯ ಹತ್ತಿರ ನಿಲ್ಲಿಸು, ಸಾಕು. ಹನ್ನೆರಡಕ್ಕೆ ಗಾಡಿ ರಿವರ್ಸ್ ತೆಗೆದುಕೊಂಡು ಹೊರಟುಬಿಡುತ್ತೇನೆ. ನಿಮಗೆ ರಿವರ್ಸ್ ಒಂದೇ ಚೆನ್ನಾಗಿ ಬರೋದು ಅಂತ ಬ್ರೇಕ್ ಮೇಷ್ಟ್ರು ಯಾವಾಗಲೂ ಹೇಳುತ್ತಾರೆ.

ದಾರಿಯಲ್ಲಿ ಎಲ್ಲೂ ಅವಸರ ಮಾಡದೆ ನಿಧಾನಕ್ಕೆ ಬರುತ್ತೇನೆ. ಆರು ವರ್ಷ ತಡವಾಗಿದೆ, ಇನ್ನರ್ಧ ಗಂಟೆ ಹೆಚ್ಚಾದರೂ ನೀನು ಬೈಯುವುದಿಲ್ಲ ಅಂತ ನಂಬಿದ್ದೇನೆ.

ಇನ್ನೂ ನಿನ್ನ ಅಮ್ಮನಾಗಿಯೇ ಇರುವ,
ಅಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲೋ ಬೇಡವೋ ಅಂತ ಇಷ್ಟು ಹೊತ್ತು ಅಳೆದೂ ಸುರಿದೂ ನೋಡಿದೆ. ಪಾರ್ಸೆಲ್ ಬಂದ ದಿನ ಕಾರ್ಪೆಟ್ ಬಿಚ್ಚುತ್ತಿರುವಾಗ ನನಗೆ ಹೊಳೆಯಿತು, ನಾನು ಅಳಿಯಂದಿರಿಗೆ ಅಳತೆ ಹೇಳಿದ್ದೆ, ವಿಳಾಸ ಹೇಳಿಯೇ ಇರಲಿಲ್ಲ. ಹೆಸರನ್ನೂ ಹೇಳಿರಲಿಲ್ಲ. ಆಮೇಲೆ ಅದರ ಹಿಂಬದಿ ತಿರುಗಿಸಿ ನೋಡಿದೆ. ನವಿರಿನ ದಿಕ್ಕಿಗೆ ಸೀಮೆಸುಣ್ಣದಲ್ಲಿ ಒಂದು ಬಾಣ, ಬಾಣದ ತಲೆಗೆ ಎರಡು ಕಣ್ಣು. ನೀನು ಏನೂ ಗೊತ್ತಿಲ್ಲದವಳ ಹಾಗೆ ಇದನ್ನು ಓದುತ್ತಿರುತ್ತೀಯ, ನಾನು ಏನೂ ಗೊತ್ತಿಲ್ಲ ಅನ್ನುವ ಹಾಗೆ ಇಷ್ಟುದ್ದ ಬರೆದಿದ್ದೇನೆ. ಯಾರಿಗೆ ಯಾರು ಕಡಿಮೆ?

ಆ ಬಾಣದ ಪಕ್ಕದಲ್ಲಿ ಇನ್ನೊಂದು ಪುಟ್ಟ ಬಾಣ ಇತ್ತು, ಸೊಟ್ಟಸೊಟ್ಟಗೆ, ಬೇರೆ ದಿಕ್ಕಿಗೆ ಮುಖ ಮಾಡಿಕೊಂಡು. ಅದಕ್ಕೆ ಮೂರು ಕಣ್ಣು. ಬಾಗಿಲ ಕಡೆಯ ಅಂಚಿನಲ್ಲಿ ಬಾಣಗಳಿದ್ದ ಅಂಗೈ ಅಗಲದ ಜಾಗವನ್ನು ಅಂಟಿಸದೆ ಹಾಗೇ ಬಿಟ್ಟು, ಜೇಬಿನ ಹಾಗೆ ಒಂದು ಗುಂಡಿ ಕೂರಿಸಿದ್ದೇನೆ. ಗುಂಡಿ ಬಿಚ್ಚಿ ಅಂಚು ಮಡಚಿದರೆ ಎರಡೂ ಬಾಣ ಕಾಣುತ್ತವೆ. ಮೂರು ಕಣ್ಣು ಬರೆದವಳಿಗೆ ಹೇಳು, ಅಜ್ಜಿ ಅದರ ಮೇಲೆ ಅಂಟು ಹಾಕಿಲ್ಲ ಅಂತ.